ತಿದ್ದುಪಡಿ ಮೊದಲು ಮೇನ್‌ಗೆ, ಆಮೇಲೆ ಸ್ಟೇಬಲ್‌ಗೆ

ಮಾನ್ಯ ಸಂಪಾದಕರೇ,

ಕನ್ನಡದ ಪದಪರೀಕ್ಷಕ, ಫಾಂಟ್ ಪರಿವರ್ತಕ, ಕೀಲಿಮಣೆ, ನಿಘಂಟಿನ ಆ್ಯಪ್ ಹೀಗೆ ಮುಕ್ತ ತಂತ್ರಾಂಶವಾಗಿ ಹೊರಬರುವ ಕೆಲಸಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಬಿಡುಗಡೆಯ ದಿನದ ಸುದ್ದಿ ಬರುತ್ತದೆ. ಬಿಡುಗಡೆಯಾದದ್ದನ್ನು ಮುಂದಿನ ಎರಡು ಮೂರು ವರ್ಷ ಹೇಗೆ ಕಾಪಾಡಿಕೊಂಡು ಹೋಗಬೇಕು ಎಂಬ ಮಾತು ಬರುವುದಿಲ್ಲ. ಇಂಥ ಯೋಜನೆಗಳಿಗೆ ಕೈಹಾಕುವ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಉಪನ್ಯಾಸಕರು, ಹವ್ಯಾಸಿಗಳು ಈ ಅಂಕಣ ಓದುತ್ತಾರೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಣ್ಣ ಯೋಜನೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬ್ರಾಂಚ್, ಅಂದರೆ ಕೋಡ್ ಬೆಳೆಯುವ ಒಂದೇ ಕವಲು. ಹೊಸ ಕೋಡ್ ಬಂದು ಬೀಳುವುದೂ ಅಲ್ಲಿಗೇ, ಬಳಸುವವರು ಇಳಿಸಿಕೊಳ್ಳುವುದೂ ಅಲ್ಲಿಂದಲೇ. ಆಸ್ಕಿ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನೇ ತೆಗೆದುಕೊಳ್ಳಿ. ಆಸ್ಕಿ ಬರಹದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮುಂಚೆ ಬರಬೇಕು. ಆ ಅದಲುಬದಲು ತಪ್ಪಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. 1.2 ಆವೃತ್ತಿಯಲ್ಲಿ ಈ ದೋಷ ಕಂಡಿತು ಎನ್ನಿ. ಸರಿಪಡಿಸಲು ಹತ್ತು ಸಾಲು ಸಾಕು. ಆದರೆ ಅಷ್ಟರಲ್ಲಿ ಅದೇ ಬ್ರಾಂಚಿನಲ್ಲಿ ಯಾರೋ ಅಕ್ಷರ ಕೋಷ್ಟಕದ ಕಡತವನ್ನೇ ಹೊಸ ರೂಪಕ್ಕೆ ತರಲು ಹೊರಟು, ಪರೀಕ್ಷೆ ಬಂತೆಂದು ಅರ್ಧಕ್ಕೆ ನಿಲ್ಲಿಸಿದ್ದಾರೆ. ಡಿಟಿಪಿ ಮಾಡುವವರಿಗೆ ಈಗ ಉಳಿದ ದಾರಿ ಎರಡೇ. ಸಾವಿರ ಪುಟದಲ್ಲಿ ‘ಕನಾರ್ಟಕ’ವನ್ನು ಕೈಯಾರೆ ತಿದ್ದುತ್ತ ಕೂರಬೇಕು, ಇಲ್ಲವೇ ಆ ಹತ್ತು ಸಾಲಿಗಾಗಿ ಅರೆಬೆಂದ ಕೋಡನ್ನೂ ಸೇರಿಸಿ ಇಳಿಸಿಕೊಳ್ಳಬೇಕು.

ಈ ಇಕ್ಕಟ್ಟು ತಪ್ಪಲೆಂದೇ ಎರಡು ಬ್ರಾಂಚ್ ಇಟ್ಟುಕೊಳ್ಳುವುದು. 1.2.0 ಬಿಡುಗಡೆಯಾದ ದಿನವೇ ಆ ಕಮಿಟ್‌ಗೆ (ದಾಖಲಾದ ಬದಲಾವಣೆಗೆ) ಟ್ಯಾಗ್ (ಹೆಸರಿನ ಗುರುತು) ಹಾಕಿ, ಅದೇ ಜಾಗದಿಂದ ‘ಸ್ಟೇಬಲ್-1.2’ ಎಂಬ ಬ್ರಾಂಚ್ ಒಡೆಯಬೇಕು. ಹೊಸ ಕೆಲಸವೆಲ್ಲ ‘ಮೇನ್’ನಲ್ಲಿ ನಡೆಯಲಿ. ಸ್ಟೇಬಲ್‌ಗೆ ದೋಷ ಪರಿಹಾರ ಮಾತ್ರ ಹೋಗಲಿ, 1.2.1, 1.2.2 ಹೊರಡುವುದು ಅಲ್ಲಿಂದ. ಬ್ರಾಂಚ್ ಒಡೆಯಲು ಅರ್ಧ ನಿಮಿಷವೂ ಬೇಡ. ಆಮೇಲೆ ಅವೆರಡರ ನಡುವೆ ಏನು, ಯಾವ ದಿಕ್ಕಿನಲ್ಲಿ, ಯಾರ ಒಪ್ಪಿಗೆ ಪಡೆದು ಹೋಗಬೇಕು ಎಂಬುದರಲ್ಲೇ ಕಷ್ಟವೆಲ್ಲ ಇರುವುದು.

ಈ ಪಾಠವನ್ನು ಲಿನಕ್ಸ್ ಕರ್ನೆಲ್ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಬಲು ದುಬಾರಿಯಾಗಿ ಕಲಿಯಿತು. ಮೊದಲು ಅಲ್ಲಿ ಸಮ-ಬೆಸ ಪದ್ಧತಿ ಇತ್ತು: 2.2, 2.4 ಬಳಕೆಗೆ, 2.3, 2.5 ಹೊಸ ಪ್ರಯೋಗಕ್ಕೆ. 2.4 ಹೊರಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ಹೆಚ್ಚುಕಡಿಮೆ ಮೂರು ವರ್ಷ. ಅಷ್ಟು ದಿನ ಹೊಸ ಹಾರ್ಡ್‌ವೇರ್ ಕಾಯುತ್ತದೆಯೇ? ಲಿನಕ್ಸನ್ನು ಜೋಡಿಸಿ ಹಂಚುವ ವಿತರಣಾ ಸಂಸ್ಥೆಗಳು 2.5ರಲ್ಲಿದ್ದ ಸೌಲಭ್ಯಗಳನ್ನು ತಾವೇ ಕಿತ್ತು ತಂದು 2.4ಕ್ಕೆ ಕಸಿ ಮಾಡಿದವು. ಕೊನೆಗೆ ಒಬ್ಬೊಬ್ಬರ 2.4 ಒಂದೊಂದು ತರಹ ಆಯಿತು, ಮೂಲದ 2.4 ಬಳಸುವವರೇ ಕಡಿಮೆಯಾದರು. ಬ್ರಾಂಚ್‌ಗಳ ನಡುವಿನ ಅಂತರ ಬೆಳೆದಷ್ಟೂ ಸ್ಟೇಬಲ್ ಎಂಬ ಹೆಸರಿಗೆ ಅರ್ಥ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

2004ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ಈಗ ಪ್ರತಿ ಬಿಡುಗಡೆಯ ನಂತರ ಎರಡು ವಾರ ಮಾತ್ರ ಹೊಸ ಕೋಡ್‌ಗೆ ಬಾಗಿಲು ತೆರೆದಿರುತ್ತದೆ. ಆಮೇಲೆ ವಾರಕ್ಕೊಂದರಂತೆ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ) ಆವೃತ್ತಿಗಳು, ಏಳು ಅಥವಾ ಎಂಟು. ಅವುಗಳಲ್ಲಿ ತಿದ್ದುಪಡಿ ಮಾತ್ರ. ಒಟ್ಟು ಒಂಬತ್ತು ಹತ್ತು ವಾರಕ್ಕೆ ಹೊಸ ಕರ್ನೆಲ್ ಸಿದ್ಧ. ಹೀಗೆ ಹೊರಬಂದದ್ದನ್ನು ಕಾಯಲೆಂದು 2005ರ ಮಾರ್ಚ್‌ನಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಪ್ರತ್ಯೇಕ ಸ್ಟೇಬಲ್ ಸರಣಿ ಆರಂಭಿಸಿದರು. ಅದರ ನಿಯಮಗಳು ಒಂದು ಪುಟದಷ್ಟೇ ಇವೆ. ಪ್ಯಾಚ್ (ಬದಲಾದ ಸಾಲುಗಳ ಕಟ್ಟು) ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು. ಜನರನ್ನು ನಿಜವಾಗಿ ಕಾಡುತ್ತಿರುವ ದೋಷವನ್ನು ಸರಿಪಡಿಸಬೇಕು. ಕಾಗುಣಿತ ತಿದ್ದುವುದು, ಖಾಲಿ ಜಾಗ ಒಪ್ಪ ಮಾಡುವುದು ನಡೆಯದು. ಪರೀಕ್ಷೆ ಆಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ತಿದ್ದುಪಡಿ ಅಥವಾ ಅದಕ್ಕೆ ಸರಿಸಮನಾದದ್ದು ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಬ್ರಾಂಚಿನಲ್ಲಿ ಮೊದಲೇ ಸೇರಿರಬೇಕು.

ನಮ್ಮ ಸಣ್ಣ ಯೋಜನೆಗಳು ಬೇರೆ ಎಲ್ಲವನ್ನೂ ಬಿಟ್ಟರೂ ಈ ಕೊನೆಯ ನಿಯಮವನ್ನು ಬಿಡಬಾರದು. ಬಳಸುವವರು ಫೋನ್ ಮಾಡಿ ಒತ್ತಾಯಿಸುತ್ತಾರೆ, ನಿರ್ವಾಹಕ ಆತುರದಲ್ಲಿ ‘ಕನಾರ್ಟಕ’ವನ್ನು ನೇರವಾಗಿ ಸ್ಟೇಬಲ್-1.2ರಲ್ಲೇ ಸರಿಪಡಿಸಿ 1.2.1 ಹೊರಡಿಸುತ್ತಾನೆ. ಮೇನ್‌ಗೆ ನಾಳೆ ಹಾಕೋಣ ಎಂದುಕೊಳ್ಳುತ್ತಾನೆ. ಆ ನಾಳೆ ಬರುವುದೇ ಇಲ್ಲ. ಆರು ತಿಂಗಳ ಮೇಲೆ ಮೇನ್‌ನಿಂದ 1.3 ಬಿಡುಗಡೆಯಾದಾಗ ಸತ್ತ ದೋಷ ಎದ್ದು ಕೂರುತ್ತದೆ. ಹೊಸ ಆವೃತ್ತಿಗೆ ಬಂದವನಿಗೆ ಹಳೆಯ ರೋಗ ಮರಳಿದರೆ ಅವನು ಮುಂದೆ ಯಾವ ಆವೃತ್ತಿಯನ್ನೂ ನಂಬುವುದಿಲ್ಲ. ಮೇನ್‌ಗೆ ಮೊದಲು ಹಾಕುವುದರಿಂದ ಇನ್ನೊಂದು ಲಾಭವೂ ಇದೆ: ಕೆಲವು ದಿನ ಅಲ್ಲಿ ಓಡಿ, ಬೇರೆಯವರ ಕೈಯಲ್ಲಿ ಪಳಗಿದ ತಿದ್ದುಪಡಿ ಸ್ಟೇಬಲ್‌ಗೆ ಬರುತ್ತದೆ.

ಇದಕ್ಕೆ ತದ್ವಿರುದ್ಧ ದಿಕ್ಕೂ ಉಂಟು, ಅದೂ ಸರಿಯಾದದ್ದೇ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದ ಯೋಜನೆಯಲ್ಲಿ, 2005ರಿಂದ ಅದನ್ನು ನೋಡಿಕೊಳ್ಳುತ್ತಿರುವ ಜುನಿಯೊ ಹಮಾನೊ, ದೋಷ ಪರಿಹಾರವನ್ನು ಅದು ಬೇಕಾದ ಅತಿ ಹಳೆಯ ಬ್ರಾಂಚಿನ ಮೇಲೆ ಕಟ್ಟಿಸಿ, ಅಲ್ಲಿಂದ ಮೇಲಕ್ಕೆ ಮರ್ಜ್ ಮಾಡುತ್ತಾರೆ, ಅಂದರೆ ಇಡೀ ಬ್ರಾಂಚನ್ನು ಹೊಸದರೊಳಗೆ ಸೇರಿಸುತ್ತಾರೆ. ಸ್ಟೇಬಲ್‌ನಂಥ ‘ಮೇಂಟ್’ನಲ್ಲಿದ್ದದ್ದೆಲ್ಲ ಮೇನ್‌ನಂಥ ‘ಮಾಸ್ಟರ್’ನಲ್ಲಿ ಇದ್ದೇ ಇರುತ್ತದೆ, ಮಾಸ್ಟರ್‌ನಲ್ಲಿದ್ದದ್ದು ಪ್ರಯೋಗದ ‘ನೆಕ್ಸ್ಟ್’ನಲ್ಲಿ. ಯಾವ ತಿದ್ದುಪಡಿ ಎಲ್ಲಿ ಸೇರಿದೆ ಎಂಬುದನ್ನು ಇತಿಹಾಸವೇ ಹೇಳುತ್ತದೆ, ಒಂದೇ ಕಮಿಟ್‌ಗೆ ಎರಡು ಪ್ರತಿ ಇರುವುದಿಲ್ಲ. ಆದರೆ ಕೋಡ್ ಬರೆಯುವವನಿಗೆ ಈ ದೋಷ ಹಳೆಯ ಆವೃತ್ತಿಯಲ್ಲೂ ಇದೆ ಎಂದು ಮುಂಚೆಯೇ ಗೊತ್ತಿರಬೇಕು. ಬಂದುಹೋಗುವ ಸ್ವಯಂಸೇವಕರೇ ಹೆಚ್ಚಿರುವ ಯೋಜನೆಯಲ್ಲಿ ಅಷ್ಟು ಶಿಸ್ತು ನಿರೀಕ್ಷಿಸುವುದು ಕಷ್ಟ. ಅದಕ್ಕೇ ನನ್ನ ಶಿಫಾರಸು ಮೇನ್‌ನಿಂದ ಕೆಳಕ್ಕೆ ಬ್ಯಾಕ್‌ಪೋರ್ಟ್ ಮಾಡುವ, ಅಂದರೆ ಬೇಕಾದ ತಿದ್ದುಪಡಿಯನ್ನಷ್ಟೇ ಹಳೆಯ ಬ್ರಾಂಚಿಗೆ ತರುವ ದಾರಿ. ಎರಡನ್ನೂ ಬೆರೆಸುವುದು ಮಾತ್ರ ಬೇಡ. ಹಾಗೆಯೇ ಮೇನ್ ಅನ್ನು ಎಂದೂ ಸ್ಟೇಬಲ್‌ಗೆ ಮರ್ಜ್ ಮಾಡಬೇಡಿ. ಒಂದು ತಿದ್ದುಪಡಿ ಬೇಕೆಂದು ಮರ್ಜ್ ಮಾಡಿದರೆ ಆವತ್ತಿನವರೆಗಿನ ಅರೆಬರೆ ಕೆಲಸವೆಲ್ಲ ಅದರ ಬೆನ್ನಿಗೇ ಬರುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ಹೆಚ್ಚು.

ಬ್ಯಾಕ್‌ಪೋರ್ಟ್ ಮಾಡುವ ಕ್ರಮ ಹೀಗಿರಲಿ. ಮೇನ್‌ನಲ್ಲಿ ತಿದ್ದುಪಡಿಯ ಜೊತೆಗೇ ಅದರ ಪರೀಕ್ಷೆಯನ್ನೂ ಬರೆಯಿರಿ. ನಮ್ಮ ಪರಿವರ್ತಕಕ್ಕಾದರೆ ‘ಕರ್ನಾಟಕ’, ‘ಸೂರ್ಯ’, ‘ಮಾರ್ಗ’ ಇಷ್ಟೇ ಸಾಲದು. ಅರ್ಕಾವೊತ್ತಿನ ಜೊತೆಗೆ ಒತ್ತಕ್ಷರವೂ ಇರುವ ‘ಅರ್ಘ್ಯ’, ‘ಸಾಮರ್ಥ್ಯ’ ಕೂಡ ಬೇಕು. ಕಮಿಟ್ ಸಂದೇಶದ ಕೊನೆಯಲ್ಲಿ, ದೋಷ ಹುಟ್ಟಿದ್ದು ಯಾವ ಕಮಿಟ್‌ನಿಂದ ಎಂಬುದನ್ನು ‘ಫಿಕ್ಸಸ್’ ಎಂಬ ಸಾಲಿನಲ್ಲಿ ಬರೆಯಿರಿ. ಕರ್ನೆಲ್‌ನವರು ಅಲ್ಲಿ ಕಮಿಟ್ ಗುರುತಿನ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆ ಕೊಡುತ್ತಾರೆ. ಹುಟ್ಟಿದ ಜಾಗ ಗೊತ್ತಾದರೆ ಗಿಟ್ ಟ್ಯಾಗ್ ಆದೇಶಕ್ಕೆ ‘ಕಂಟೇನ್ಸ್’ ಆಯ್ಕೆ ಕೊಟ್ಟು ಯಾವ ಯಾವ ಬಿಡುಗಡೆಗಳಲ್ಲಿ ಆ ದೋಷ ಹೋಗಿದೆ ಎಂದು ಒಂದೇ ಸಾಲಿನಲ್ಲಿ ಕೇಳಬಹುದು.

ಸ್ಟೇಬಲ್‌ಗೆ ಬಂದಾಗ ಮೊದಲು ಪರೀಕ್ಷೆಯನ್ನಷ್ಟೇ ತಂದು ಓಡಿಸಿ. ಅದು ಸೋಲಬೇಕು. ಸೋಲದಿದ್ದರೆ ಆ ದೋಷ ಸ್ಟೇಬಲ್‌ನಲ್ಲಿ ಇಲ್ಲ, ಅಥವಾ ಬೇರೆ ರೂಪದಲ್ಲಿದೆ. ಬ್ಯಾಕ್‌ಪೋರ್ಟ್ ಅಲ್ಲಿಗೇ ನಿಲ್ಲಿಸಿ ವಿಚಾರಿಸಬೇಕು. ಈ ಒಂದು ಹೆಜ್ಜೆಯಿಂದ ಬೇಡದ ಬ್ಯಾಕ್‌ಪೋರ್ಟ್‌ಗಳು ಎಷ್ಟೋ ತಪ್ಪುತ್ತವೆ. ಸೋತರೆ ಗಿಟ್ ಚೆರಿ-ಪಿಕ್‌ನಿಂದ ಆ ಒಂದು ಕಮಿಟ್ ಅನ್ನಷ್ಟೇ ತನ್ನಿ, ಆಗ ‘ಎಕ್ಸ್’ (-x) ಆಯ್ಕೆ ಮರೆಯಬೇಡಿ. ಮೇನ್‌ನ ಯಾವ ಕಮಿಟ್‌ನಿಂದ ಇದನ್ನು ಆರಿಸಿ ತಂದದ್ದು ಎಂಬ ಸಾಲನ್ನು ಅದು ಸಂದೇಶದ ಕೊನೆಗೆ ತಾನಾಗಿ ಸೇರಿಸುತ್ತದೆ. ಒಂದು ವರ್ಷದ ಮೇಲೆ ಈ ಸಾಲು ಏಕೆ ಬದಲಾಯಿತು ಎಂದು ಹುಡುಕುವವರಿಗೆ ಆ ಗುರುತೇ ದಾರಿ ತೋರಿಸುವುದು. ಕಾನ್ಫ್ಲಿಕ್ಟ್ (ಎರಡು ಬ್ರಾಂಚಿನ ಸಾಲುಗಳು ಹೊಂದದಿರುವುದು) ಬಂದು ಕೈಯಿಂದ ಬದಲಿಸಬೇಕಾದರೆ, ಏನು ಬದಲಿಸಿದಿರಿ, ಯಾಕೆ ಎಂದು ಅದರ ಕೆಳಗೆ ಎರಡು ಸಾಲು ಬರೆಯಿರಿ. ಎರಡೂ ಬ್ರಾಂಚಿನಲ್ಲಿ ದಿನವೂ ಕೆಲಸ ಮಾಡುವವರು ಗಿಟ್ ವರ್ಕ್‌ಟ್ರೀ ಬಳಸಿ ಎರಡನ್ನೂ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ತೆರೆದಿಟ್ಟುಕೊಂಡರೆ, ಅಲ್ಲಿಂದಿಲ್ಲಿಗೆ ಜಿಗಿಯುವಾಗ ತಪ್ಪು ಬ್ರಾಂಚಿಗೆ ಕಮಿಟ್ ಬೀಳುವುದು ಬಹಳಷ್ಟು ತಪ್ಪುತ್ತದೆ.

ಕಾನ್ಫ್ಲಿಕ್ಟ್ ಬಂದರೆ ಹೆದರುವ ಹೊಸಬರು, ಬರದಿದ್ದಾಗ ನಿಶ್ಚಿಂತರಾಗುತ್ತಾರೆ. ನಿಜಕ್ಕೂ ಭಯ ಪಡಬೇಕಾದದ್ದು ಆಗಲೇ. 2023ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನೆಲ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಒಂದು ತಿದ್ದುಪಡಿ ಮುಖ್ಯ ಬ್ರಾಂಚಿನಲ್ಲಿ ಸರಿಯಾಗಿಯೇ ಇತ್ತು. ನೇರವಾಗಿ ಡಿಸ್ಕ್‌ಗೆ ಬರೆಯುವ ಕೆಲಸ ಮುಗಿದಾಗ ಒಂದು ಫಂಕ್ಷನ್ ಮೊದಲು ಸೊನ್ನೆ ಹಿಂದಿರುಗಿಸುತ್ತಿತ್ತು. ತಿದ್ದುಪಡಿಯ ನಂತರ ಎಷ್ಟು ಬೈಟ್ ಬರೆಯಿತು ಎಂಬ ಸಂಖ್ಯೆಯನ್ನು ಹಿಂದಿರುಗಿಸತೊಡಗಿತು. ಆ ಉತ್ತರವನ್ನು ಪಡೆಯುವ ಕೋಡ್ ಇನ್ನೊಂದು ಕಡತದಲ್ಲಿದೆ. ಹಳೆಯ ಕರ್ನೆಲ್‌ನಲ್ಲಿ ಅದು ಸೊನ್ನೆ ಬಂದರೆ ಮಾತ್ರ ಕಡತದ ಬರವಣಿಗೆ ಸ್ಥಾನವನ್ನು ಮುಂದಕ್ಕೆ ಸರಿಸುತ್ತಿತ್ತು. ಮುಖ್ಯ ಬ್ರಾಂಚಿನಲ್ಲಿ ಬೇರೊಂದು ಪ್ಯಾಚ್, ಬೇರಾವುದೋ ಕಾರಣಕ್ಕೆ, ಅದನ್ನು ಮುಂಚೆಯೇ ಬದಲಿಸಿತ್ತು. ಸ್ಟೇಬಲ್ ಕರ್ನೆಲ್ 6.1.64ಕ್ಕೆ ಮೊದಲನೆಯ ಪ್ಯಾಚ್ ಬಂತು, ಎರಡನೆಯದು ಬರಲಿಲ್ಲ. ಕೋಡ್ ಕಂಪೈಲ್ ಆಯಿತು. ಆದರೆ ಬರೆದ ನಂತರ ಸ್ಥಾನ ಮುಂದೆ ಸರಿಯಲಿಲ್ಲ. ಸಾಲು ಬರೆದವನು ಕೈಯನ್ನು ಕೆಳಗಿಳಿಸದೆ ಮುಂದಿನ ಸಾಲನ್ನೂ ಅಲ್ಲೇ ಗೀಚಿದಂತೆ, ಹೊಸ ಮಾಹಿತಿ ತಪ್ಪು ಜಾಗದಲ್ಲಿ ಬಿದ್ದು ಇದ್ದದ್ದನ್ನು ಅಳಿಸಿತು.

ಅದೇ ಕರ್ನೆಲ್, ಲಿನಕ್ಸ್ ವಿತರಣೆಯಾದ ಡೆಬಿಯನ್‌ನ 12.3ರಲ್ಲಿ ಸೇರಿತ್ತು. ಡಿಸೆಂಬರ್ 9ರಂದು ಹೊರಡಬೇಕಿದ್ದ ಅದರ ಅನುಸ್ಥಾಪನಾ ಇಮೇಜ್‌ಗಳನ್ನು ಡೆಬಿಯನ್‌ನವರು ತಡೆಹಿಡಿದು, 6.1.66ರ ತಿದ್ದುಪಡಿ ಸೇರಿಸಿ ಮರುದಿನ 12.4 ಎಂದು ಹೊರತಂದರು. ತೊಂದರೆ ತಂದ ಆ ಪ್ಯಾಚ್ ಮೊದಲು ಮೇನ್‌ಗೆ ಹೋಗಿತ್ತು, ನಿಜವಾದ ದೋಷವನ್ನೇ ಸರಿಪಡಿಸಿತ್ತು. ಮೇನ್‌ಗೆ ಮೊದಲು ಎಂಬ ನಿಯಮ ಮುರಿದಿರಲಿಲ್ಲ. ತಪ್ಪಿದ್ದು ಆ ಪ್ಯಾಚ್ ನಿಂತಿದ್ದ ನೆಲವನ್ನು ನೋಡುವುದರಲ್ಲಿ. ಆದ್ದರಿಂದ ಬ್ಯಾಕ್‌ಪೋರ್ಟ್ ಪರಿಶೀಲಿಸುವಾಗ ಬದಲಾದ ಸಾಲನ್ನಷ್ಟೇ ಓದಿದರೆ ಸಾಲದು. ಆ ಫಂಕ್ಷನ್‌ನ ಉತ್ತರವನ್ನು ಬಳಸುವ ಪ್ರತಿ ಜಾಗವನ್ನೂ ಸ್ಟೇಬಲ್ ಬ್ರಾಂಚಿನಲ್ಲೇ ತೆರೆದು ನೋಡಬೇಕು, ಮೇನ್‌ನಲ್ಲಿ ಅಲ್ಲ. ಬ್ರಾಂಚ್ ಒಡೆದ ದಿನದಿಂದ ಈಚೆಗೆ ಆ ಕಡತಗಳಲ್ಲಿ ಮೇನ್‌ಗೆ ಏನೇನು ಸೇರಿದೆ ಎಂಬ ಪಟ್ಟಿಯನ್ನೂ ಗಿಟ್ ಲಾಗ್‌ನಿಂದ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ.

ಇನ್ನೊಂದು ಬಗೆಯ ಎಡವಟ್ಟು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಆಯಿತು. ಸ್ಟೇಬಲ್ ಬ್ರಾಂಚಿನ ಶಿಸ್ತಿಗೆ ಹೆಸರಾದ ಯೋಜನೆ ಅದು: ವರ್ಷಕ್ಕೊಂದು ದೊಡ್ಡ ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷ ಆಸರೆ. ಸಣ್ಣ ಬಿಡುಗಡೆಗಳು ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್‌ಗೆ ನಿಗದಿ. 2024ರ ನವೆಂಬರ್ 14ರಂದು ಬಂದ 17.1ರಲ್ಲಿ ಒಂದು ಒಳಗಿನ ಸ್ಟ್ರಕ್ಚರ್‌ಗೆ (ಮಾಹಿತಿಯ ಚೌಕಟ್ಟಿಗೆ) ಒಂದು ಪುಟ್ಟ ಫೀಲ್ಡ್ ಸೇರಿತು, ಅದರ ಗಾತ್ರ ಹಿಗ್ಗಿತು. ಹಿಂದಿನ ಗಾತ್ರವನ್ನೇ ನಂಬಿ ಕಂಪೈಲ್ ಆಗಿದ್ದ ಟೈಮ್‌ಸ್ಕೇಲ್‌ಡಿಬಿಯಂಥ ವಿಸ್ತರಣೆಗಳು ಮುರಿದವು. ನಿಗದಿತ ದಿನಕ್ಕೆ ಕಾಯದೆ ಒಂದೇ ವಾರದಲ್ಲಿ, 21ರಂದು, 17.2 ಹೊರಡಿಸಬೇಕಾಯಿತು. ನಿಮ್ಮ ಯೋಜನೆಗೆ ಪ್ಲಗಿನ್‌ಗಳಿದ್ದರೆ, ಅಥವಾ ಬೇರೆಯವರು ನಿಮ್ಮ ಲೈಬ್ರರಿಯನ್ನು ಬಳಸುತ್ತಿದ್ದರೆ, ಸ್ಟೇಬಲ್‌ನಲ್ಲಿ ಅವರ ಕಣ್ಣಿಗೆ ಬೀಳುವ ಸ್ಟ್ರಕ್ಚರ್, ಫಂಕ್ಷನ್ ಹೆಸರು, ಕಡತದ ರೂಪ ಯಾವುದನ್ನೂ ಮುಟ್ಟಬೇಡಿ. ಹಳೆಯ ಬೈನರಿ ಪ್ಲಗಿನ್ ಒಂದನ್ನು ಎತ್ತಿಟ್ಟುಕೊಂಡು, ಮರು ಕಂಪೈಲ್ ಮಾಡದೆ, ಪ್ರತಿ ಸಣ್ಣ ಬಿಡುಗಡೆಯ ಜೊತೆ ಓಡಿಸಿ ನೋಡಿ.

ಕನ್ನಡಿಗರು ಹೆಚ್ಚಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಅನುವಾದ. ಲಿನಕ್ಸ್‌ಗೆ ಡೆಸ್ಕ್‌ಟಾಪ್ ಒದಗಿಸುವ ಗ್ನೋಮ್ ಯೋಜನೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹೊಸ ಆವೃತ್ತಿ ತರುತ್ತದೆ. ಬಿಡುಗಡೆಗೆ ಕೆಲವು ವಾರ ಮೊದಲೇ ಪರದೆಯ ಮೇಲೆ ಕಾಣುವ ಪದಗಳನ್ನು ಬದಲಿಸುವುದು ನಿಲ್ಲುತ್ತದೆ. ಆಮೇಲೆ ಬದಲಿಸಬೇಕಾದರೆ ಅನುವಾದ ತಂಡದ ಒಪ್ಪಿಗೆ ಪಡೆಯಬೇಕು. ಕಾರಣ ತೀರಾ ಸಣ್ಣದಾಗಿ ಕಾಣುತ್ತದೆ. ‘ಸೇವ್ ಫೈಲ್’ ಎಂಬ ಮೂಲ ಪದಕ್ಕೆ ‘ಕಡತವನ್ನು ಉಳಿಸು’ ಎಂದು ಅನುವಾದವಾಗಿದೆ ಎನ್ನಿ. ಸ್ಟೇಬಲ್‌ನಲ್ಲಿ ಯಾರೋ ಇಂಗ್ಲಿಷ್ ಚೆನ್ನಾಗಿರಲಿ ಎಂದು ಅದನ್ನು ‘ಸೇವ್ ದ ಫೈಲ್’ ಮಾಡುತ್ತಾರೆ. ಅನುವಾದಗಳಿರುವ ಪಿಒ ಕಡತ ನವೀಕರಿಸಿದಾಗ ಆ ಸಾಲಿಗೆ ‘ಫಜ್ಜಿ’ ಎಂಬ ಗುರುತು ಬೀಳುತ್ತದೆ. ಫಜ್ಜಿ ಇರುವ ಅನುವಾದವನ್ನು ಕಂಪೈಲ್ ಮಾಡುವಾಗ ಕೈಬಿಡಲಾಗುತ್ತದೆ. ನಿನ್ನೆಯವರೆಗೆ ಕನ್ನಡದಲ್ಲಿದ್ದ ಬಟನ್ ಇವತ್ತು ಇಂಗ್ಲಿಷ್. ಬೆರಳೆಣಿಕೆಯ ಅನುವಾದಕರಿರುವ ನಮ್ಮಂಥ ಭಾಷೆಗೆ ಆ ಒಂದು ಪದವನ್ನು ಮತ್ತೆ ಸರಿಪಡಿಸಿ ಬಿಡುಗಡೆಗೆ ಮುಟ್ಟಿಸಲು ತಿಂಗಳುಗಳೇ ಹಿಡಿಯಬಹುದು. ದಯವಿಟ್ಟು ಸ್ಟೇಬಲ್‌ನಲ್ಲಿ ಪರದೆಯ ಪದಗಳನ್ನು ಮುಟ್ಟಬೇಡಿ. ಅನುವಾದಕರೂ ತಮ್ಮ ಸೀಮಿತ ಸಮಯವನ್ನು ಮೊದಲು ಜನರ ಕೈಗೆ ಬೇಗ ಸೇರುವ ಸ್ಟೇಬಲ್‌ಗೆ ಕೊಟ್ಟು, ಅಲ್ಲಿಂದ ಮೇನ್‌ಗೆ ಒಯ್ಯುವುದು ಒಳ್ಳೆಯದು (ಮೇನ್ ಮೊದಲು ಎಂಬ ನಿಯಮ ಕೋಡ್‌ಗೆ ಮಾತ್ರ). ಪದ ಒಂದೇ ಆಗಿದ್ದರೆ ಎಂಎಸ್‌ಜಿ-ಮರ್ಜ್ ಎಂಬ ಉಪಕರಣ ಅದನ್ನು ತಾನೇ ಹೊಂದಿಸುತ್ತದೆ.

ಸ್ಟೇಬಲ್ ಎಂದರೆ ಹಳಸಲು ಎಂದು ಮೂಗು ಮುರಿಯುವವರಿಗೆ 2024ರ ಮಾರ್ಚ್ 29 ನೆನಪಿರಲಿ. ಎಕ್ಸ್‌ಜೆಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಕಳ್ಳ ಬಾಗಿಲು ಇರುವುದನ್ನು ಆಂಡ್ರೆಸ್ ಫ್ರಾಯಿಂಡ್ ಬಯಲಿಗೆಳೆದ ದಿನ ಅದು. ಡೆಬಿಯನ್‌ನ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್‌ಗೆ ಆ ಆವೃತ್ತಿಗಳು ಆಗಲೇ ಸೇರಿದ್ದವು; ಸ್ಟೇಬಲ್ ಬಳಸುವವರನ್ನು ತಲುಪಿರಲಿಲ್ಲ. ಸ್ಟೇಬಲ್ ಬ್ರಾಂಚ್ ಕಳ್ಳನನ್ನು ಹಿಡಿಯುವುದಿಲ್ಲ, ಆದರೆ ಹಿಡಿಯಲು ಬೇಕಾದ ದಿನಗಳನ್ನು ಕೊಡುತ್ತದೆ.

ಮೂರು ನಾಲ್ಕು ಜನರ ಯೋಜನೆಗೆ ಇಷ್ಟೆಲ್ಲ ಹೊರೆಯಲ್ಲವೇ ಎಂದು ಕೇಳಬಹುದು. ನಾಲ್ಕು ಜನರಿದ್ದರೆ ಒಂದೇ ಸ್ಟೇಬಲ್ ಬ್ರಾಂಚ್ ಸಾಕು. ಹೊಸ ಆವೃತ್ತಿ ಬಂದ ಮೇಲೆ ಹಳೆಯದನ್ನು ಮೂರು ತಿಂಗಳು ಭದ್ರತೆಯ ತಿದ್ದುಪಡಿಗೆ ಮಾತ್ರ ಉಳಿಸಿಕೊಂಡು ಮುಚ್ಚಿಬಿಡಿ. ಕೋಡ್ ಇಟ್ಟಿರುವ ತಾಣದಲ್ಲಿ ಆ ಬ್ರಾಂಚಿಗೆ ರಕ್ಷಣೆ ಹಾಕಿ: ನೇರ ಪುಶ್ (ಕೋಡ್ ಏರಿಸುವುದು) ಇಲ್ಲ, ಫೋರ್ಸ್ ಪುಶ್ (ಹಳೆಯ ಇತಿಹಾಸ ಅಳಿಸಿ ಏರಿಸುವುದು) ಅಂತೂ ಯಾರಿಗೂ ಇಲ್ಲ, ಬರೆದವರಲ್ಲದ ಇನ್ನೊಬ್ಬರ ಒಪ್ಪಿಗೆ ಬೇಕು. ಸ್ವಯಂಚಾಲಿತ ಪರೀಕ್ಷೆ ಮೇನ್‌ನಲ್ಲಿ ಮಾತ್ರವಲ್ಲ, ಸ್ಟೇಬಲ್‌ನಲ್ಲೂ ವಾರಕ್ಕೊಮ್ಮೆ ಓಡಲಿ. ಕೋಡ್ ಬದಲಾಗದಿದ್ದರೂ ಅದು ನೆಚ್ಚಿಕೊಂಡ ಲೈಬ್ರರಿಗಳು ಬದಲಾಗಿ ಕಟ್ಟಡ ಕುಸಿದಿರಬಹುದು. ಮೇನ್‌ಗೆ ಬರುವ ಪ್ರತಿ ದೋಷ ಪರಿಹಾರಕ್ಕೂ ‘ಸ್ಟೇಬಲ್‌ಗೆ ಬೇಕು’ ಅಥವಾ ‘ಬೇಡ’ ಎಂಬ ಲೇಬಲ್ ಅವತ್ತೇ ಬೀಳಲಿ. ಪೈಥಾನ್ ಯೋಜನೆಯಲ್ಲಿ ಅಂಥ ಲೇಬಲ್ ನೋಡಿ ಬಾಟ್ (ತಾನಾಗಿ ಓಡುವ ತಂತ್ರಾಂಶ) ಒಂದು ತಾನೇ ಬ್ಯಾಕ್‌ಪೋರ್ಟ್ ತಯಾರಿಸುತ್ತದೆ, ಮನುಷ್ಯರು ನೋಡಿ ಒಪ್ಪುತ್ತಾರೆ. ನಿಮಗೆ ಬಾಟ್ ಬೇಕಿಲ್ಲ. ತಿಂಗಳ ಮೊದಲ ಶನಿವಾರ ಲೇಬಲ್ ಪಟ್ಟಿ ತೆರೆದು ಒಬ್ಬರು ಕೂತರೆ ಎರಡು ತಾಸಿನ ಕೆಲಸ. ಆ ಒಬ್ಬರ ಹೆಸರು ರೀಡ್‌ಮಿ ಕಡತದಲ್ಲಿರಲಿ. ಎಲ್ಲರ ಕೆಲಸ ಎಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ.

ಬ್ರಾಂಚ್ ಎಂದು ಮುಚ್ಚುತ್ತದೆ ಎಂಬ ದಿನಾಂಕವನ್ನು ತೆರೆದ ದಿನವೇ ಬರೆದಿಡಿ. ಎಷ್ಟು ದಿನ ನೋಡಿಕೊಳ್ಳಬಲ್ಲಿರೋ ಅಷ್ಟೇ ಬರೆಯಿರಿ. ಆರು ವರ್ಷದವರೆಗೂ ಕಾಯುತ್ತಿದ್ದ ದೀರ್ಘಾವಧಿ ಬ್ರಾಂಚ್‌ಗಳನ್ನು ಇನ್ನು ಎರಡು ವರ್ಷಕ್ಕೆ ಇಳಿಸುತ್ತೇವೆ ಎಂದು ಲಿನಕ್ಸ್ ಕರ್ನೆಲ್‌ನವರೇ 2023ರಲ್ಲಿ ಹೇಳಿದರು. ಮುಚ್ಚುವಾಗ ಕೊನೆಯದೊಂದು ಬಿಡುಗಡೆ ಮಾಡಿ, ಟ್ಯಾಗ್ ಹಾಕಿ, ಯಾವ ಆವೃತ್ತಿಗೆ ಹೋಗಬೇಕು, ಹೋಗುವಾಗ ಯಾವ ಕಡತ ಬದಲಿಸಬೇಕು ಎಂಬುದನ್ನು ಅದರ ಟಿಪ್ಪಣಿಯಲ್ಲೇ ತಿಳಿಸಿ. ಬ್ರಾಂಚನ್ನು ಅಳಿಸಬೇಡಿ, ಬರೆಯಲಾಗದಂತೆ ಬೀಗ ಹಾಕಿದರೆ ಸಾಕು.

ಉಪನ್ಯಾಸಕರಲ್ಲಿ ಒಂದು ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅಂಕ ಕೊಡುವಾಗ ಹೊಸ ಸೌಲಭ್ಯಗಳನ್ನಷ್ಟೇ ಎಣಿಸುವುದು ರೂಢಿ. ಮುಂದಿನ ಸಲ ವಿದ್ಯಾರ್ಥಿಗಳಿಗೆ ಹಳೆಯ ಬ್ರಾಂಚ್ ಒಂದನ್ನು ಕೊಟ್ಟು, ಮೇನ್‌ನಲ್ಲಿರುವ ಒಂದು ತಿದ್ದುಪಡಿಯನ್ನು ಅಲ್ಲಿಗೆ ತರಲು ಹೇಳಿ. ಪರೀಕ್ಷೆ ಮೊದಲು ಸೋತದ್ದನ್ನು ತೋರಿಸಲಿ, ಆ ಪ್ಯಾಚ್‌ಗೆ ಬೇರಾವ ಪ್ಯಾಚ್ ಬೇಕಿತ್ತು ಎಂದು ಹುಡುಕಿ ಬರೆಯಲಿ, ಸಂದೇಶದಲ್ಲಿ ಮೂಲ ಕಮಿಟ್‌ನ ಗುರುತಿರಲಿ. ಅದಕ್ಕೆ 20 ಅಂಕ ಮೀಸಲಿಡಿ.

ಇಂತಿ,
ಓರ್ವ ತಂತ್ರಾಂಶ ನಿರ್ವಾಹಕ, ಮೈಸೂರು